ನಲವತ್ತೈದು ನಿಮಿಷದ ಏಸಿ, ಐದೂವರೆ ಗಂಟೆಯ ಏಸಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇದರಲ್ಲಿ ಇಲ್ಲ. ನಿಮ್ಮ ಕೆಲಸದ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಏಸಿ ರಿಪೇರಿ ಮಾಡಿದ ಹುಡುಗನೇ ಕೈ ಮುಗಿದ. "ಸಾರ್, ಹೆಸರು ಮಾತ್ರ ಹಾಕಬೇಡಿ. ನಾನು, ನನ್ನ ಭಾಮೈದ, ಇಬ್ಬರೇ ಇರೋದು. ಬೇಸಿಗೇಲಿ ಈಗ ಬರೋ ಫೋನೇ ಎತ್ತೋಕಾಗಲ್ಲ" ಅಂದ. ಮೈಸೂರಿನ ಸರಸ್ವತಿಪುರಂ ಕಡೆಯ ಒಂದು ಸಣ್ಣ ಅಂಗಡಿ, ಅಷ್ಟು ತಿಳಿದರೆ ಸಾಕು. ನಾನು ಬರೆಯುತ್ತಿರುವುದು ಅವನು ನಮ್ಮ ಮನೆಯಲ್ಲಿ ಮಾಡಿದ ಕೆಲಸದ ಬಗ್ಗೆ. ಅದಕ್ಕೆ ಮುಂಚೆ ಬೇರೆಯವರು ಮಾಡಿಹೋಗಿದ್ದ ಕೆಲಸದ ಬಗ್ಗೆ ಕೂಡ. ಎರಡನ್ನೂ ಪಕ್ಕಪಕ್ಕ ನೋಡದಿದ್ದರೆ ಮೊದಲನೆಯದು ಎಷ್ಟು ಕೆಟ್ಟದಾಗಿತ್ತು ಅಂತ ನನಗೂ ಗೊತ್ತಾಗುತ್ತಿರಲಿಲ್ಲ.

ನಾನು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವನು. ಬಸ್ಸಿನ ಅಡಿಯಲ್ಲಿ ಮಲಗಿಯೇ ಅರ್ಧ ಆಯಸ್ಸು ಕಳೆಯಿತು. ಅಂಥವನೂ ಮೋಸ ಹೋದೆ. ಏಸಿ ನಮ್ಮ ಲೈನ್ ಅಲ್ಲ ಅಂತ ಸುಮ್ಮನೆ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಿದ್ದೆ, ಅದೇ ತಪ್ಪು.

ಮೈಸೂರಿನವರಿಗೆ ಏಸಿ ಅಂದರೆ ಬೇರೆ ಊರಿನ ನೆಂಟರ ಜಂಬ ಅನ್ನುವ ಕಾಲ ಇತ್ತು. ಸಂಜೆ ಆದರೆ ಗಾಳಿ ಬರುತ್ತೆ, ಫ್ಯಾನ್ ಹಾಕಿದರೆ ಆಯ್ತು. ಬೋಗಾದಿಯಲ್ಲಿ ನಾವು 1998ರಲ್ಲಿ ಕಟ್ಟಿದ ಕೆಳಮನೆ ಈಗಲೂ ಹಾಗೇ ಇದೆ. ತೊಂದರೆ ಮೇಲೆ ಆಮೇಲೆ ಕಟ್ಟಿದ ರೂಮಿನದು. ಹತ್ತು ಅಡಿಗೆ ಹನ್ನೆರಡು, ಪಡುವಣದ ಗೋಡೆ, ತಲೆ ಮೇಲೆ ಬರೀ ಆರ್‌ಸಿಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಆ ಛಾವಣಿ ರಾತ್ರಿ ಹನ್ನೊಂದರವರೆಗೂ ಕೆಳಕ್ಕೆ ಬಿಡುತ್ತಿರುತ್ತದೆ. 2024ರ ಮಾರ್ಚ್‌ನಲ್ಲಿ ಮಗಳು ಹೆರಿಗೆಗೆ ಬಂದಳು. ಏಳು ತಿಂಗಳು. ಆ ರೂಮಿನಲ್ಲಿ ಅವಳು ಮಗ್ಗುಲು ಬದಲಾಯಿಸುವುದನ್ನು ನೋಡಲಾಗದೆ ಒಂದೂವರೆ ಟನ್‌ನ ಇನ್ವರ್ಟರ್ ಏಸಿ ತಂದೆ. "ಈಗೇನೋ ಸರಿ, ಬಾಣಂತಿ ಆದಮೇಲೆ ಇದನ್ನ ಹಾಕಿದರೆ ನಾನು ವೈರ್ ಕಿತ್ತುಹಾಕ್ತೀನಿ ಅಷ್ಟೇ" ಅಂತ ನಮ್ಮ ಮನೆಯವರು ಆಗಲೇ ಎಚ್ಚರಿಕೆ ಕೊಟ್ಟಿದ್ದರು.

ಇನ್‌ಸ್ಟಲೇಷನ್ ಫ್ರೀ ಅಂದಿದ್ದರು. ಒಂದೇ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಒಬ್ಬನ ಹೆಗಲಲ್ಲಿ ತಾಮ್ರದ ಪೈಪಿನ ಸುರುಳಿ, ಇನ್ನೊಬ್ಬನ ತೊಡೆ ಮೇಲೆ ಡ್ರಿಲ್ಲಿಂಗ್ ಮಷೀನು. ಗೋಡೆ ಕೊರೆದರು, ಯೂನಿಟ್ ನೇತುಹಾಕಿದರು, ನಟ್ಟು ಬಿಗಿದರು. ಕೊನೆಗೆ ಹೊರಗಿನ ಯೂನಿಟ್ಟಿನ ವಾಲ್ವ್ ಸ್ವಲ್ಪ ತಿರುಗಿಸಿ, ಇನ್ನೊಂದು ಕಡೆಯ ನಟ್ಟನ್ನು ಸಡಿಲ ಮಾಡಿ ಸ್ಸ್ ಅಂತ ಗ್ಯಾಸ್ ಬಿಟ್ಟರು. "ಏನಪ್ಪಾ ಅದು?" ಅಂದೆ. "ಪೈಪಲ್ಲಿರೋ ಗಾಳಿ ಹೊರಗೆ ಹೋಗಲಿ ಅಂತ ಅಂಕಲ್" ಅಂದರು. ಆಯ್ತು, ಡೀಸೆಲ್ ಲೈನಿನ ಏರ್ ನಾವೂ ಹಾಗೇ ತೆಗೆಯುತ್ತಿದ್ದೆವಲ್ಲ ಅಂದುಕೊಂಡೆ. ಗಡಿಯಾರ ನೋಡಿದೆ, 45 ನಿಮಿಷ. ಫ್ರೀ ಇನ್‌ಸ್ಟಲೇಷನ್‌ಗೆ ಸ್ಟ್ಯಾಂಡು, ಮೇಲಿನ ಒಂದು ಮೀಟರ್ ಪೈಪು, ಡ್ರೇನ್ ಪೈಪು ಎಲ್ಲಾ ಸೇರಿ 2,000 ರೂಪಾಯಿ ತೆಗೆದುಕೊಂಡರು. ಪ್ಲಗ್ಗನ್ನು ಇಸ್ತ್ರಿ ಪೆಟ್ಟಿಗೆಗೆ ಅಂತ ಹಾಕಿಸಿದ್ದ ಹಳೇ 15 ಆಂಪ್ ಸಾಕೆಟ್ಟಿಗೆ ಸಿಕ್ಕಿಸಿ ಹೊರಟರು.

ಮೂರು ವಾರ ಚೆನ್ನಾಗಿ ಓಡಿತು. ಆಮೇಲೆ "ರೀ, ಇದು ತಣ್ಣಗೆ ಮಾಡ್ತಿಲ್ಲ, ಸುಮ್ನೆ ಊದ್ತಾ ಇದೆ" ಅಂದರು ನಮ್ಮ ಮನೆಯವರು. ಹೊರಗೆ ಹೋಗಿ ನೋಡಿದರೆ ಸಣ್ಣ ಪೈಪಿನ ಮೇಲೆ ಬೆಳ್ಳಗೆ ಹಿಮ ಕಟ್ಟಿದೆ. ಮೈಸೂರಿನಲ್ಲಿ, ಏಪ್ರಿಲ್ ಮಧ್ಯಾಹ್ನ! ಹಿಮ ಇದೆ ಅಂದಮೇಲೆ ಏಸಿ ಜೋರಾಗೇ ಕೆಲಸ ಮಾಡುತ್ತಿದೆ ಅಂತ ನಾನು ಸಂತೋಷಪಟ್ಟೆ ಕೂಡ. ಅದು ಉಲ್ಟಾ. ಗ್ಯಾಸ್ ಕಡಿಮೆ ಆದಾಗ ಒಳಗಿನ ಒತ್ತಡ ಇಳಿಯುತ್ತದೆ, ಪೈಪು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಗಾಳಿಯ ಪಸೆ ಅಲ್ಲೇ ಹೆಪ್ಪುಗಟ್ಟುತ್ತದೆ. ಅದೇ ಹುಡುಗರು ಬಂದು 2,800 ರೂಪಾಯಿಗೆ ಗ್ಯಾಸ್ ತುಂಬಿದರು. ಎಲ್ಲಿಂದ ಸೋರಿತು ಅಂತ ಕೇಳಿದರೆ "ಹೊಸ ಏಸಿಗೆ ಒಂದು ಸಲ ಹಂಗಾಗುತ್ತೆ" ಅಂದರು. ಅಲ್ಲಾ, ಬಸ್ಸಿನ ಟೈರು ದಿನಾ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕದೆ ದಿನಾ ಗಾಳಿ ಹೊಡೆಯುತ್ತೀವಾ? ಆವತ್ತು ಹಾಗೆ ಕೇಳಲಿಲ್ಲ. ಮೇ ತಿಂಗಳಲ್ಲಿ ಮೊಮ್ಮಗಳು ಹುಟ್ಟಿದಳು, ಮಳೆ ಬಂತು, ಏಸಿ ಮರೆತುಹೋಯಿತು.

2025ರ ಫೆಬ್ರವರಿ ಕೊನೆಯಲ್ಲಿ ಮತ್ತೆ ಹಾಕಿದಾಗ ಅದೇ ಕತೆ. ಈ ಸಲ ಜೊತೆಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಪ್ಲಗ್ ಎಳೆದರೆ ಒಂದು ಪಿನ್ನಿನ ಸುತ್ತ ಕಂದು ಬಣ್ಣ, ಸಾಕೆಟ್ಟಿನ ತೂತು ಕರಗಿ ಮೊಟ್ಟೆಯಾಕಾರ ಆಗಿತ್ತು. ಡಿಪೋದ ನನ್ನ ಹಳೇ ಜೊತೆಗಾರ ಒಬ್ಬರು ಸರಸ್ವತಿಪುರಂ ಹುಡುಗನ ನಂಬರ್ ಕೊಟ್ಟರು.

ನಾಳೆ ಬರುತ್ತೀನಿ ಅಂದವನು ಮೂರನೇ ದಿನ ಬಂದ. ಇದಕ್ಕೆ ಅಂಕ ಕಳೆಯುತ್ತೇನೆ, ಆಮೇಲೆ. ಐಟಿಐ ಓದಿದವನಂತೆ, ಮೂವತ್ತರ ಆಸುಪಾಸು. ಗಾಡಿಯಿಂದ ಅವನ ಭಾಮೈದ ಇಳಿಸಿದ ಸಾಮಾನು ನೋಡಿಯೇ ನನಗೆ ಅರ್ಧ ಸಮಾಧಾನ ಆಯಿತು. ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪು, ಗ್ಯಾಸ್ ವಾಪಸ್ ಎಳೆಯುವ ಮಷೀನು, ತೂಕದ ತಕ್ಕಡಿ. ಅದರ ಮೇಲೆ ಒಂದು ಕೆಂಪು ಡಬ್ಬಿಯಲ್ಲಿ, ನಟ್ಟನ್ನು ಅಳತೆಯಷ್ಟೇ ಬಿಗಿಯುವ ಟಾರ್ಕ್ ರೆಂಚು. ಟಾರ್ಕ್ ರೆಂಚ್ ಇಟ್ಟುಕೊಂಡವನು ಸಾಮಾನ್ಯವಾಗಿ ಕೆಲಸ ಕೆಡಿಸುವುದಿಲ್ಲ. ಇದು ನನ್ನ 31 ವರ್ಷದ ಅನುಭವ.

ಬಂದವನೇ ಏಸಿ ಮುಟ್ಟಲಿಲ್ಲ. ಕಿಟಕಿ ಎಲ್ಲಾ ತೆಗೆಸಿದ, ದೇವರ ಮನೆಯ ದೀಪ ಆರಿಸಿ ಅಂದ. ನನ್ನ ಜೇಬು ನೋಡಿ "ಬೀಡಿ ಹಚ್ಚಬೇಡಿ ಸಾರ್" ಅಂದ. ನಮ್ಮ ಏಸಿಯಲ್ಲಿರುವುದು ಆರ್-32 ಅನ್ನುವ ಗ್ಯಾಸ್. ಹಳೇ ಆರ್-22 ತರಹ ಓಜೋನ್ ಪದರ ತೂತು ಮಾಡುವುದಿಲ್ಲ, ಆದರೆ ಸ್ವಲ್ಪ ಹೊತ್ತಿಕೊಳ್ಳುವ ಗುಣ ಇದೆ. ಮೊದಲ ಸಲ ಬಂದವರು ಅದನ್ನೇ ಸ್ಸ್ ಅಂತ ಬಿಟ್ಟಿದ್ದರು, ನಾನು ಪಕ್ಕದಲ್ಲೇ ಬೀಡಿ ಸೇದುತ್ತಾ ಕೂತಿದ್ದೆ. ಬೆಂಕಿಯ ಮಾತು ಬಿಟ್ಟರೂ, ಒಂದು ಕೆಜಿ ಆರ್-32 ಗಾಳಿಗೆ ಬಿಡುವುದೂ 675 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುವುದೂ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಒಂದೇ. ಅದಕ್ಕೇ ಇವನು ಉಳಿದಿದ್ದ ಗ್ಯಾಸನ್ನು ಮಷೀನಿನಲ್ಲಿ ಎಳೆದು ಸಿಲಿಂಡರಿಗೆ ತುಂಬಿ ತೂಕ ಹಾಕಿದ. ಯೂನಿಟ್ಟಿನ ಪ್ಲೇಟಿನ ಮೇಲೆ 850 ಗ್ರಾಂ ಅಂತ ಬರೆದಿದೆ. ಒಳಗೆ ಇದ್ದದ್ದು 410.

ಆಮೇಲೆ ಸೋರಿಕೆ ಹುಡುಕೋಕೆ ಪೈಪಿಗೆ ನೈಟ್ರೋಜನ್ ತುಂಬಿದ. ಒತ್ತಡದ ಗೇಜು ನಿಧಾನಕ್ಕೆ ಮೇಲೇರಿ 400 ಪಿಎಸ್‌ಐ ದಾಟಿತು. "ಇದಕ್ಕೆ ಕೆಲವರು ಆಕ್ಸಿಜನ್ ಹಾಕ್ತಾರೆ ಸಾರ್, ಎಣ್ಣೆ ಜೊತೆ ಸೇರಿದರೆ ಬಾಂಬ್ ಅದು" ಅಂದ. ಸೋಪಿನ ನೀರು ಬ್ರಷ್ಷಿನಲ್ಲಿ ಬಳಿಯುತ್ತಾ ಹೋದ. ಇದು ನನಗೆ ಗೊತ್ತಿರೋ ವಿದ್ಯೆ, ಏರ್ ಬ್ರೇಕ್ ಲೈನಿಗೆ ನಾವೂ ಸರ್ಫ್ ನೀರು ಬಳಿಯುತ್ತಿದ್ದೆವು. ನಾನೂ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಹೋದೆ. ಹೊರಗಿನ ನಟ್ಟುಗಳಲ್ಲಿ ಏನೂ ಇಲ್ಲ. ಒಳಗಿನ ಯೂನಿಟ್ಟಿನ ಹಿಂದೆ, ಟೇಪು ಸುತ್ತಿ ಮುಚ್ಚಿದ್ದ ದಪ್ಪ ಪೈಪಿನ ನಟ್ಟಿನ ಅಂಚಿನಲ್ಲಿ ಒಂದು ಗುಳ್ಳೆ. ಸಾಸಿವೆ ಗಾತ್ರ. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಹುದುಗು ಬಂದ ಇಡ್ಲಿ ಹಿಟ್ಟಿನ ಹಾಗೆ, ಒಂದರ ಹಿಂದೆ ಒಂದು. ಒಂದು ವರ್ಷ ನಮ್ಮ ದುಡ್ಡು ಸೋರಿದ್ದು ಅಲ್ಲಿಂದ.

ನಟ್ಟು ಬಿಚ್ಚಿ ಪೈಪಿನ ತುದಿ ತೋರಿಸಿದ. ತಾಮ್ರದ ಪೈಪಿನ ಬಾಯಿಯನ್ನು ತುತ್ತೂರಿಯಂತೆ ಅಗಲಿಸಿರುತ್ತಾರೆ, ಅದಕ್ಕೆ ಫ್ಲೇರ್ ಅನ್ನುತ್ತಾರೆ. ನಟ್ಟು ಅದನ್ನು ಒತ್ತಿ ಹಿಡಿಯಬೇಕು. ನಮ್ಮದರಲ್ಲಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಪೈಪು ಕತ್ತರಿಸಿದಾಗ ಒಳಗೆ ಉಳಿದ ಚೂರು ಹಾಗೇ ಇತ್ತು. ಜೊತೆಗೆ ಉಗುರಿನಿಂದ ಗೀರಿದಂಥ ಬಿರುಕು, ಸೋರಿದರೆ ಇನ್ನೂ ಬಿಗಿ ಅಂತ ಸ್ಪ್ಯಾನರ್ ಹಾಕಿ ಎಳೆದಿದ್ದರ ಗುರುತು. ಇವನು ಆ ತುದಿ ಕತ್ತರಿಸಿ, ಬಾಯಿ ಕೆಳಗೆ ಮಾಡಿ ಒಳಗಿನ ಚೂರು ಕೆರೆದು, ಹೊಸ ಫ್ಲೇರ್ ತೆಗೆದು, ಅದರ ಮೇಲೆ ಒಂದು ತೊಟ್ಟು ಎಣ್ಣೆ ಸವರಿ, ಕೈಯಲ್ಲಿ ಹಿಡಿಯುವಷ್ಟು ತಿರುಗಿಸಿ, ಆಮೇಲೆ ಟಾರ್ಕ್ ರೆಂಚ್ ಹಾಕಿದ. ಕಾಲು ಇಂಚಿನ ಪೈಪಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50ರಿಂದ 60. ಟಕ್ ಅಂತ ಸದ್ದು ಬಂತು, ಕೈ ತೆಗೆದ. ಕಡಿಮೆ ಆದರೆ ಸೋರುತ್ತೆ, ಜಾಸ್ತಿ ಆದರೆ ತಾಮ್ರ ಸೀಳುತ್ತೆ. ಬಸ್ಸಿನ ವೀಲ್ ನಟ್ಟಿಗೂ ಇದೇ ಮಾತು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಮತ್ತೆ ನೈಟ್ರೋಜನ್, ಮತ್ತೆ ಸೋಪು, ಅರ್ಧ ಗಂಟೆ ಕಾಯೋದು. ಮುಳ್ಳು ಅಲ್ಲಾಡಲಿಲ್ಲ. ಆಗ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಪಂಪ್ ಹಾಕಿದ. ಈ ಪಂಪ್ ಒಂದು ಇಲ್ಲದಿದ್ದರೆ ಅದು ಇನ್‌ಸ್ಟಲೇಷನ್ನೇ ಅಲ್ಲ ಅಂತ ಈಗ ನನಗನ್ನಿಸುತ್ತದೆ. ಗ್ಯಾಸ್ ಬಿಟ್ಟು ಗಾಳಿ ತಳ್ಳಿದರೆ ಗಾಳಿ ಸ್ವಲ್ಪ ಹೋದೀತು, ಪೈಪಿನ ಒಳಗಂಟಿದ ತೇವ ಹೋಗುವುದಿಲ್ಲ. ಕಂಪ್ರೆಸರಿನ ಎಣ್ಣೆ ಮಳೆಗಾಲದ ಉಪ್ಪಿನ ಡಬ್ಬಿ ಇದ್ದ ಹಾಗೆ, ತೇವ ಎಳೆದುಕೊಳ್ಳುತ್ತದೆ. ಆಮೇಲೆ ಆಮ್ಲವಾಗಿ ಒಳಗಿಂದಲೇ ತಿನ್ನುತ್ತದೆ. ಮೂರ್ನಾಲ್ಕು ವರ್ಷಕ್ಕೆ ಕಂಪ್ರೆಸರ್ ಹೋದಾಗ ನಾವು ಕಂಪನಿಯನ್ನು ಬೈಯುತ್ತೇವೆ. ಪಂಪು ಒತ್ತಡವನ್ನು ಎಷ್ಟು ಇಳಿಸುತ್ತದೆ ಅಂದರೆ ರೂಮಿನ ಬಿಸಿಯಲ್ಲೇ ನೀರು ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್. ಇವನು ಇಳಿಸಬೇಕಾದದ್ದು 500 ಮೈಕ್ರಾನ್‌ಗೆ, ಅಂದರೆ ಅರ್ಧ ಮಿಲಿಮೀಟರಿಗೆ. ಸಣ್ಣ ಡಿಜಿಟಲ್ ಗೇಜಿನಲ್ಲಿ ಅಂಕಿ ಇಳಿಯುವುದನ್ನು ನೋಡುತ್ತಾ ನಾವಿಬ್ಬರೂ ಎರಡು ಲೋಟ ಕಾಫಿ ಮುಗಿಸಿದೆವು. 430ಕ್ಕೆ ಬಂದಾಗ ಪಂಪ್ ಆಫ್ ಮಾಡಿ ಹದಿನೈದು ನಿಮಿಷ ಸುಮ್ಮನೆ ಕೂತ. 460ಕ್ಕೆ ಏರಿ ಅಲ್ಲೇ ನಿಂತಿತು. ಇನ್ನೂ ಏರುತ್ತಲೇ ಇದ್ದಿದ್ದರೆ ಎಲ್ಲೋ ಸೋರಿಕೆ, ಇಲ್ಲವೇ ಒಳಗೆ ತೇವ. ಅದಾದಮೇಲೆ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಸರಿಯಾಗಿ 850 ಗ್ರಾಂ. ನಮ್ಮ ಪೈಪು ನಾಲ್ಕೇ ಮೀಟರ್, ಉದ್ದ ಜಾಸ್ತಿ ಇದ್ದರೆ ಮೀಟರಿಗೆ ಇಷ್ಟು ಗ್ರಾಂ ಸೇರಿಸಬೇಕು ಅಂತ ಕೈಪಿಡಿಯಲ್ಲೇ ಇರುತ್ತದೆ.

ಉಳಿದ ರಿಪೇರಿ ಬೇಗ ಹೇಳುತ್ತೇನೆ. ಹೊರಗಿನ ಸ್ಟ್ಯಾಂಡನ್ನು ಕೈಯಲ್ಲಿ ಅಲ್ಲಾಡಿಸಿದ, ಅಲ್ಲಾಡಿತು. ಮರದ ಗೂಟಕ್ಕೆ ಸ್ಕ್ರೂ ಹೊಡೆದಿದ್ದರು, ಅದರ ನೇರ ಕೆಳಗೆ ನಮ್ಮ ಗೇಟು. ಆ್ಯಂಕರ್ ಬೋಲ್ಟ್ ಹಾಕಿದ. ಗೋಡೆಯ ತೂತು ಹೊರಗಡೆಗೆ ಇಳಿಜಾರು ಇರಲಿಲ್ಲ, ಸರಿ ಮಾಡಿ ಪಿವಿಸಿ ತುಂಡು ತೂರಿಸಿ ಸುತ್ತ ಮೆತ್ತಿದ. ಮೊದಲಿನವರು ಅಲ್ಲಿ ತುರುಕಿದ್ದ ಥರ್ಮಾಕೋಲಿನಲ್ಲಿ ಹಲ್ಲಿ ಸಂಸಾರ ಮಾಡಿತ್ತು. ಡ್ರೇನ್ ಪೈಪಿನ ನೀರು ವರ್ಷದಿಂದ ಪಕ್ಕದ ಮನೆಯವರ ತುಳಸಿಕಟ್ಟೆ ಮೇಲೆ ತೊಟ್ಟಿಕ್ಕುತ್ತಿತ್ತಂತೆ. ಅವರು ಸಂಕೋಚಕ್ಕೆ ಹೇಳಿರಲಿಲ್ಲ, ನನಗೆ ನಾಚಿಕೆಯಾಯಿತು.

ಕರೆಂಟಿನ ವಿಷಯಕ್ಕೆ ಬಂದಾಗ ಅವನು ಕೈ ಎತ್ತಿಬಿಟ್ಟ. ನನಗೆ ತುಂಬಾ ಹಿಡಿಸಿದ್ದು ಇದೇ. "ಇದು ನನ್ನ ಕೆಲಸ ಅಲ್ಲ ಸಾರ್. ಲೈಸೆನ್ಸ್ ಇರೋರನ್ನ ಕರೆಸಿ. ಅಲ್ಲೀತನಕ ಈ ಪ್ಲಗ್ ಹಾಕಬೇಡಿ." ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಒಬ್ಬರು ಮಾರನೇ ದಿನ ಬಂದರು. ಮೀಟರ್ ಇಟ್ಟು ನೋಡಿದರೆ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ 9 ವೋಲ್ಟ್. ಎರಡು ಮೂರರ ಒಳಗಿರಬೇಕು. 1998ರ ಅರ್ಥ್ ಗುಂಡಿ ಎಲ್ಲಿದೆ ಅಂತ ನನಗೇ ಮರೆತಿತ್ತು, ನಮ್ಮ ಮನೆಯವರೇ ದಾಸವಾಳದ ಬುಡ ತೋರಿಸಿದರು. ಒಣಗಿ ಬಿರುಕು ಬಿಟ್ಟಿತ್ತು. ಹೊಸ ಪೈಪ್ ಇಳಿಸಿ, ಬೋರ್ಡಿನಿಂದ ಏಸಿಗೆ ಅಂತಲೇ 4 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದು, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ 20 ಆಂಪಿನ ಎಂಸಿಬಿ ಹಾಕಿದರು. ಮನೆಗೆಲ್ಲಾ ಸೇರಿ, ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿ ಆಂಪಿನ ಆರ್‌ಸಿಸಿಬಿ. ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043 ಅಂತ ಭಾರತೀಯ ಮಾನಕಗಳಿವೆ, ಎಲ್ಲಾ ಬರೆದಿಟ್ಟಿದ್ದಾರೆ. "ಓದೋರು ಇಲ್ಲ ಸಾರ್, ಕೇಳೋರೂ ಇಲ್ಲ" ಅಂದರು ಅವರು.

ಮಾರನೇ ಬೆಳಿಗ್ಗೆ ಇಡೀ ಮನೆ ಕತ್ತಲೆ. ಆರ್‌ಸಿಸಿಬಿ ಬಿದ್ದಿತ್ತು. ಎತ್ತಿದರೆ ಮತ್ತೆ ಬೀಳುತ್ತದೆ. "ಚೆನ್ನಾಗಿದ್ದ ಮನೇಲಿ ಇದೇನು ತಂದು ಹಾಕಿಸಿದ್ರಿ" ಅಂತ ನಮ್ಮ ಮನೆಯವರಿಂದ ಮಂಗಳಾರತಿ. ಒಂದೊಂದೇ ಪ್ಲಗ್ ತೆಗೆಯುತ್ತಾ ಬಂದಾಗ ಸಿಕ್ಕಿದ್ದು ದೋಸೆ ಹಿಟ್ಟಿನ ಗ್ರೈಂಡರ್. "ಅದನ್ನ ಮುಟ್ಟಿದರೆ ಜುಮ್ ಅನ್ನೋದು ಮೂರು ವರ್ಷದಿಂದ ಇದೆ, ಚಪ್ಪಲಿ ಹಾಕ್ಕೊಂಡು ರುಬ್ಬುತ್ತಿದ್ದೆ" ಅಂದರು ಅವರು, ಏನೂ ಆಗದವರ ಹಾಗೆ. ನನ್ನ ಕೈಯಲ್ಲಿದ್ದ ಟೆಸ್ಟರ್ ಹಾಗೇ ಉಳಿಯಿತು.

ಇನ್ನೊಂದು ವಿಷಯ ಏಸಿಗೆ ಸಂಬಂಧ ಇಲ್ಲ, ಆದರೂ ಬರೆಯಲೇಬೇಕು. ಆ ಹುಡುಗ ಕೈ ತೊಳೆಯೋಕೆ ಬಾತ್‌ರೂಮಿಗೆ ಹೋದವನು ಹಾಗೇ ವಾಪಸ್ ಬಂದ. ನಮ್ಮ ಛಾವಣಿ ಮೇಲೆ ಸೋಲಾರ್ ಇದೆ, ಮೋಡದ ದಿನಕ್ಕೆ ಅಂತ ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಹಾಕಿಸಿದ್ದೆ. ಕಿಟಕಿ ಅಂದರೆ ಒಂದು ಗೇಣು, ಅದಕ್ಕೂ ಚಳಿಗೆ ಅಂತ ಗಾಜು. "ಇದರೊಳಗೆ ಬಾಗಿಲು ಹಾಕ್ಕೊಂಡು ಮಗುಗೆ ನೀರು ಹಾಕ್ತೀರಾ ಸಾರ್?" ಅಂದ. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಗೀಸರನ್ನು ಹೊರಗಿನ ಪಡಸಾಲೆಗೆ ಸಾಗಿಸಿ ಬಿಸಿನೀರಿನ ಪೈಪು ಮಾತ್ರ ಒಳಕ್ಕೆ ತಂದೆವು. ಅದಕ್ಕೆ ಅವನು ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಪ್ಲಂಬರ್‌ಗೆ ನಾನೇ ಕೊಟ್ಟೆ.

ದುಡ್ಡಿನ ಲೆಕ್ಕ. ಏಸಿ ಕೆಲಸಕ್ಕೆ 7,400 ರೂಪಾಯಿ, ಗ್ಯಾಸ್ ಸೇರಿ. ಕಡಿಮೆಯೇನಲ್ಲ. ಚೌಕಾಸಿ ಮಾಡಿದೆ, ಜಗ್ಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದವನು ಹೋದದ್ದು ಮೂರೂವರೆಗೆ. ಆ ಹೊತ್ತಿನಲ್ಲಿ ಬೇರೆಯವರು ನಾಲ್ಕೈದು ಮನೆ ಮುಗಿಸುತ್ತಾರೆ ಅಂತ ಅವನೇ ಹೇಳಿದ. ಅವರದ್ದೂ ಪೂರ್ತಿ ತಪ್ಪು ಅನ್ನಲಾರೆ. ಮನೆಗೆ ಇಷ್ಟು ಅಂತ ಕೊಟ್ಟು ಓಡಿಸುವವರು ಮೇಲಿದ್ದಾಗ ಯಾವ ಹುಡುಗ ತಾನೇ ಅರ್ಧ ಗಂಟೆ ಮುಳ್ಳು ನೋಡುತ್ತಾ ಕೂರುತ್ತಾನೆ? ಎಲೆಕ್ಟ್ರಿಕಲ್ ಕೆಲಸದ ಖರ್ಚು ಬೇರೆ, ಅದು ಏಸಿಗಿಂತ ಜಾಸ್ತಿ ನನ್ನ ಹಳೇ ಮನೆಯ ಪಾಪ.

ಬಿಲ್ಲಿನ ವಿಷಯ ಎಲ್ಲರೂ ಕೇಳುತ್ತಾರೆ. ಗೃಹಜ್ಯೋತಿಯಲ್ಲಿ ನಮ್ಮದು ಸೊನ್ನೆ ಬಿಲ್ಲು. 2024ರ ಏಪ್ರಿಲ್‌ನಲ್ಲಿ ಗ್ಯಾಸ್ ಇಲ್ಲದ ಏಸಿ ಹಗಲೂ ರಾತ್ರಿ ಒದ್ದಾಡಿ 268 ಯೂನಿಟ್ ಎಳೆದಿತ್ತು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ 24 ಡಿಗ್ರಿಗೆ ಇಟ್ಟು, ರಾತ್ರಿ ಮಾತ್ರ ಹಾಕಿ 221. ಅಂದರೆ ಆಗಲೂ ಕಟ್ಟಿದೆ. ಕರೆಂಟ್ ಕಂಪನಿ ಸೆಸ್ಕ್ ಕೌಂಟರಿನಲ್ಲಿ ನನ್ನನ್ನು ನೋಡಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹುಡುಗ ಹೊರಡುವಾಗ ಇನ್ನೊಂದು ಮಾತು ಹೇಳಿದ್ದ. ಛಾವಣಿಗೆ ಬಿಳೀ ಬಣ್ಣ ಹೊಡೆಸಿದ್ದರೆ, ಪಡುವಣ ಗೋಡೆಗೆ ಒಂದು ನೆರಳು ಕಟ್ಟಿದ್ದರೆ ಈ ರೂಮಿಗೆ ಒಂದು ಟನ್ನೇ ಸಾಕಿತ್ತು ಅಂತ. ಏಸಿ ಮಾರಿದವರು ರೂಮಿನ ಅಳತೆಯನ್ನೂ ಕೇಳಿರಲಿಲ್ಲ. ಮೇ ತಿಂಗಳಲ್ಲಿ ಬಣ್ಣ ಹೊಡೆಸಿದೆ. ಈಗ ಹತ್ತು ಗಂಟೆಗೆ ಹಾಕಿದರೆ ಹನ್ನೆರಡಕ್ಕೆ ನಮ್ಮ ಮನೆಯವರೇ ಎದ್ದು ಆಫ್ ಮಾಡುತ್ತಾರೆ, ಚಳಿ ಅಂತ.

ಕೆಲಸಕ್ಕೆ ಐದಕ್ಕೆ ಐದು. ಹೇಳಿದ ದಿನ ಬರದಿದ್ದಕ್ಕೆ ಒಂದು ಕಳೆದು ನಾಲ್ಕು. ಫೋನ್ ಎತ್ತದಿದ್ದಕ್ಕೆ ಇನ್ನರ್ಧ ಕಳೆಯಬೇಕು ಅಂತಿದ್ದೆ. ಮೊನ್ನೆ ಫಿಲ್ಟರಿನ ವಿಷಯ ಕೇಳೋಕೆ ಮೂರು ಸಲ ಫೋನ್ ಮಾಡಿದೆ, ಸದ್ದಿಲ್ಲ. ರಾತ್ರಿ ಒಂಬತ್ತೂವರೆಗೆ ಅವನೇ ವಾಪಸ್ ಮಾಡಿ, "ಸಾರಿ ಸಾರ್, ಪಂಪ್ ಹಾಕಿ ಕೂತಿದ್ದೆ, ಮಧ್ಯದಲ್ಲಿ ಎದ್ದು ಬರೋಹಾಗಿರಲಿಲ್ಲ" ಅಂದ. ಆ ಅರ್ಧ ಬಿಟ್ಟುಕೊಟ್ಟೆ.